ಹತ್ತಿದವರೆಷ್ಟು, ಇಳಿದವರೆಷ್ಟು?

(ಬಳಗದ ವಾರ್ಷಿಕ ಕೂಟದಲ್ಲಿ ಮಧ್ಯಾಹ್ನ ಆಡಿದ ಮಾತು. ಸಂಚಿಕೆಗಾಗಿ ಅಲ್ಲಲ್ಲಿ ತಿದ್ದಿ ಬರೆದುಕೊಟ್ಟಿದ್ದೇನೆ.)

ಬಿಸಿಬೇಳೆಬಾತ್ ಆದಮೇಲೆ ಒಬ್ಬನನ್ನು ಮೈಕಿನ ಮುಂದೆ ನಿಲ್ಲಿಸುವುದು ಅವನಿಗೂ ಶಿಕ್ಷೆ, ಕೇಳುವವರಿಗೂ ಶಿಕ್ಷೆ. ನೈಟ್ ಶಿಫ್ಟ್ ಮುಗಿಸಿ ನಿದ್ದೆ ಬಿಟ್ಟು ಬಂದವರು ಈ ಹಾಲಿನಲ್ಲಿ ಹತ್ತು ಹನ್ನೆರಡು ಜನ ಕಾಣ್ತಿದೀರಿ. ತೂಕಡಿಸಿದರೆ ನನಗೇನೂ ಬೇಜಾರಿಲ್ಲ. ಆದರೆ ಕೊನೆಯ ಹತ್ತು ನಿಮಿಷಕ್ಕೆ ಪಕ್ಕದವರು ದಯವಿಟ್ಟು ಎಬ್ಬಿಸಿ. ನಮ್ಮ ಬಳಗಕ್ಕೆ ನೇರವಾಗಿ ಸಂಬಂಧಪಟ್ಟ ವಿಷಯ ಅಲ್ಲಿದೆ.

ಅಧ್ಯಕ್ಷರು ನನಗೆ ಹೇಳಿದ್ದು ಇಷ್ಟೇ: "ನೀವು ಶನಿವಾರ ಬಂತು ಅಂದ್ರೆ ಗುಡ್ಡದ ಮೇಲೆ ಪೆಟ್ಟಿಗೆ ಕಾಯ್ತಾ ಕೂತಿರ್ತೀರಲ್ಲ, ಅದೇನು ಅಂತ ನಮ್ಮವರಿಗೂ ಹೇಳಿ." ನಾನು ವಾರಕ್ಕೆ ಐದು ದಿನ ಒಂದು ಆಸ್ಪತ್ರೆಯ ಸ್ಟೋರ್ಸಿನಲ್ಲಿ ಟ್ರಾಲಿ ತಳ್ಳುವವನು. ರಜೆ ಸಿಕ್ಕಾಗ, ಎಂಟು ವರ್ಷದಿಂದ, ಲೇಕ್ ಡಿಸ್ಟ್ರಿಕ್ಟ್ ಮತ್ತು ಯಾರ್ಕ್‌ಷೈರ್ ಡೇಲ್ಸ್ ಕಡೆ ನಡೆಯುವ ಫೆಲ್ ಓಟಗಳಲ್ಲಿ ಸ್ವಯಂಸೇವಕ. ನಾನು ಓಡುವುದಿಲ್ಲ, ನನ್ನ ಮೊಣಕಾಲು ಅದಕ್ಕೆ ಒಪ್ಪುವುದಿಲ್ಲ. ನನ್ನ ಕೆಲಸ ಎಣಿಸುವುದು. ಎಷ್ಟು ಜನ ಹತ್ತಿದರು, ಎಷ್ಟು ಜನ ಇಳಿದರು, ಅಷ್ಟೇ.

ಮೊದಲು ಫೆಲ್ ಅಂದರೇನು ಅಂತ ಹೇಳಿಬಿಡ್ತೀನಿ. ಇಂಗ್ಲೆಂಡಿನ ಉತ್ತರದಲ್ಲಿ ಮರವಿಲ್ಲದ ಬೋಳುಗುಡ್ಡಕ್ಕೆ ಫೆಲ್ ಅನ್ನುತ್ತಾರೆ. ಸಾವಿರ ವರ್ಷದ ಹಿಂದೆ ಹಡಗು ಹತ್ತಿ ಬಂದ ನಾರ್ಸ್ ಜನ ಬಿಟ್ಟುಹೋದ ಪದ ಇದು. ವಲಸೆ ಬಂದವರ ಮಾತು ಈ ದೇಶದ ಗುಡ್ಡಗಳ ಹೆಸರಿನಲ್ಲೇ ಕೂತಿದೆ ಅನ್ನೋದು ನಮಗೆ ಸ್ವಲ್ಪ ಖುಷಿಯ ವಿಷಯ ಅಲ್ವಾ? ಈ ಗುಡ್ಡಗಳ ಎತ್ತರ ಕೇಳಿದರೆ ನಮ್ಮವರಿಗೆ ನಗು ಬರುತ್ತೆ. ಇಡೀ ಇಂಗ್ಲೆಂಡಿನಲ್ಲೇ ಎತ್ತರದ್ದು ಸ್ಕಾಫೆಲ್ ಪೈಕ್, 978 ಮೀಟರ್. ಬೆಂಗಳೂರೇ ಸುಮಾರು 920 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿ ಇದರ ಹೆಚ್ಚುಕಡಿಮೆ ಎರಡರಷ್ಟು. "ಇದೂ ಒಂದು ಬೆಟ್ಟಾನಾ" ಅಂದುಕೊಂಡು ಹೊರಟರೆ ಕೆಟ್ಟೆವು. ಇಲ್ಲಿ ಜೀವ ತೆಗೆಯುವುದು ಎತ್ತರಕ್ಕಿಂತ ಹೆಚ್ಚಾಗಿ ಹವಾಮಾನ. ಕೆಳಗೆ ಬಿಸಿಲಿದ್ದಾಗಲೇ ಮೇಲೆ ಮೋಡ ಕವಿದು ಹತ್ತು ಹೆಜ್ಜೆ ಮುಂದಿನ ಮನುಷ್ಯ ಕಾಣದ ಹಾಗಾಗುತ್ತೆ. ಮೈ ಒದ್ದೆ, ಮೇಲೆ ಗಾಳಿ. ಬೇಸಿಗೆಯಲ್ಲೂ ಮೈಯ ಶಾಖ ಇಳಿದು ಜನ ಸತ್ತಿದ್ದಾರೆ.

ಇಂಥ ಗುಡ್ಡದ ಮೇಲೆ ದಾರಿ ಗುರುತು ಇಲ್ಲದೆ, ನಕ್ಷೆ ದಿಕ್ಸೂಚಿ ಹಿಡಿದು ಓಡುವುದೇ ಫೆಲ್ ರನ್ನಿಂಗ್. ಹಳ್ಳಿಯ ಕುರಿ ಸಂತೆ, ಜಾತ್ರೆಗಳಲ್ಲಿ ಕುರಿ ಕಾಯುವವರು ಪಂದ್ಯ ಕಟ್ಟಿ ಗುಡ್ಡ ಹತ್ತಿಳಿಯುತ್ತಿದ್ದುದು ಇದರ ಹಳೆಯ ರೂಪ. ಫೆಲ್ ರನ್ನರ್ಸ್ ಅಸೋಸಿಯೇಷನ್ ಅನ್ನುವ ಸಂಸ್ಥೆ 1970ರಲ್ಲಿ ಹುಟ್ಟಿತು. ಅವರು ಓಟಗಳನ್ನು ಅಕ್ಷರ ಕೊಟ್ಟು ವಿಂಗಡಿಸುತ್ತಾರೆ. 'ಎ' ದರ್ಜೆ ಅಂದರೆ ಪ್ರತಿ ಕಿಲೋಮೀಟರಿಗೆ ಸರಾಸರಿ ಕನಿಷ್ಠ 50 ಮೀಟರ್ ಏರು. 'ಬಿ'ಗೆ 25, 'ಸಿ'ಗೆ 20. ದೂರಕ್ಕೂ ಹಾಗೇ: 20 ಕಿ.ಮೀ. ದಾಟಿದರೆ 'ಎಲ್', 10ರಿಂದ 20 'ಎಂ', ಅದಕ್ಕಿಂತ ಕಡಿಮೆ 'ಎಸ್'. 'ಎ ಎಲ್' ಅಂತ ಕಂಡರೆ ಇಡೀ ದಿನದ ಕೆಲಸ, ಕಾಲು ಗಟ್ಟಿ ಇರಬೇಕು ಅಂತ ಅರ್ಥ.

ಈಗ ಎಣಿಕೆಗೆ ಬರೋಣ.

ಯಾರ್ಕ್‌ಷೈರಿನ ತ್ರೀ ಪೀಕ್ಸ್ ಓಟ 1954ರಲ್ಲಿ ಮೊದಲು ನಡೆದಾಗ ಓಡಿದವರು ಆರೇ ಜನ. ಆರು ಜನರನ್ನು ಎಣಿಸೋಕೆ ಯಾವ ಯಂತ್ರ ಬೇಕು? ಈಗ ಅದೇ ಓಟಕ್ಕೆ ನೂರಾರು ಜನ ನಿಲ್ಲುತ್ತಾರೆ. ಜನ ಹೆಚ್ಚಾದ ಹಾಗೆ ಎಣಿಕೆ ಕಷ್ಟವಾಯಿತು. ಹಳೆಯ ಕ್ರಮ ಹೀಗಿತ್ತು: ಶಿಖರದ ಮೇಲೆ ಒಬ್ಬರು ರಟ್ಟಿಗೆ ಕಾಗದ ಸಿಕ್ಕಿಸಿಕೊಂಡು, ಪೆನ್ಸಿಲ್ ಹಿಡಿದು ಕೂರುವುದು. ಪೆನ್ನಾದರೆ ಮಳೆಗೆ ಬರೆಯೋದಿಲ್ಲ, ಪೆನ್ಸಿಲ್ಲೇ ಆಗಬೇಕು. ಓಡಿ ಬಂದವರು ಎದೆಯ ನಂಬರ್ ಕೂಗಬೇಕು, ಕೂತವರು ಬರೆದುಕೊಳ್ಳಬೇಕು. ಒಟ್ಟಿಗೆ ಹದಿನೈದು ಜನ ಬಂದರೆ? ಗಾಳಿಯಲ್ಲಿ 'ಫಿಫ್ಟಿ'ಯೋ 'ಫಿಫ್ಟೀನ್'ಓ ಕೇಳೋದಿಲ್ಲ. ಮಳೆ ಅಂಗಿ ಹಾಕಿಕೊಂಡವರ ನಂಬರ್ ಅಂಗಿಯ ಒಳಗೆ ಮುಚ್ಚಿ ಹೋಗಿರುತ್ತೆ. ಸಂಜೆ ಕೆಳಗೆ ಬಂದು ಮೂರು ಶಿಖರದ ಮೂರು ಒದ್ದೆ ಹಾಳೆ ಮುಂದಿಟ್ಟುಕೊಂಡು ತಾಳೆ ನೋಡುವಾಗ ಒಂದರಲ್ಲಿ ಇರುವ ನಂಬರ್ ಇನ್ನೊಂದರಲ್ಲಿ ಇರೋದಿಲ್ಲ. ಆ ಮನುಷ್ಯ ಬಿದ್ದಿದ್ದಾನೋ, ಬರೆಯುವವರ ಕಣ್ಣು ತಪ್ಪಿದ್ದಾನೋ? ಇದೊಂದು ಪ್ರಶ್ನೆಗೆ ಉತ್ತರ ಹುಡುಕೋಕೆ ಒಂದು ಗಂಟೆ ಹೋಗುತ್ತೆ. ಗುಡ್ಡದ ಮೇಲೆ ಚಳಿಯಲ್ಲಿ ಬಿದ್ದವನಿಗೆ ಆ ಒಂದು ಗಂಟೆಯ ಬೆಲೆ ಎಷ್ಟು ಅಂತ ನಾನು ಹೇಳಬೇಕಾಗಿಲ್ಲ.

ಇದಕ್ಕೆ ಉತ್ತರವಾಗಿ ಬಂದದ್ದು ಎಲೆಕ್ಟ್ರಾನಿಕ್ ಪೆಟ್ಟಿಗೆ. ಇದು ಮೊದಲು ಹುಟ್ಟಿದ್ದು ಓರಿಯೆಂಟೀರಿಂಗ್ ಆಟಕ್ಕೆ, ಅಂದರೆ ಕಾಡಿನಲ್ಲಿ ನಕ್ಷೆ ನೋಡಿಕೊಂಡು ಗುರುತು ಹುಡುಕಿ ಓಡುವ ಆಟ. 1990ರ ದಶಕದಲ್ಲಿ ನಾರ್ವೆಯ ಎಮಿಟ್, ಜರ್ಮನಿಯ ಸ್ಪೋರ್ಟ್‌ಐಡೆಂಟ್ ಎಂಬ ಎರಡು ವ್ಯವಸ್ಥೆ ಬಂದವು. ಬ್ರಿಟನ್ನಿನ ಗುಡ್ಡಗಳಲ್ಲಿ ಹೆಚ್ಚು ಕಾಣುವುದು ಎರಡನೆಯದು. ಓಟಗಾರನಿಗೆ ಹೆಬ್ಬೆರಳಿನಷ್ಟು ಉದ್ದದ ಒಂದು ಪ್ಲಾಸ್ಟಿಕ್ ಕಡ್ಡಿ ಕೊಡುತ್ತಾರೆ. ಅದಕ್ಕೆ ಇಲ್ಲಿನವರು ಪ್ರೀತಿಯಿಂದ 'ಡಿಬ್ಬರ್' ಅನ್ನುತ್ತಾರೆ. ತೋಟದಲ್ಲಿ ಸಸಿ ನೆಡಲು ಮಣ್ಣಿಗೆ ಚುಚ್ಚಿ ಗುಳಿ ಮಾಡುವ ಗೂಟಕ್ಕೂ ಇದೇ ಹೆಸರು. ಇದನ್ನೂ ಹಾಗೇ ಪೆಟ್ಟಿಗೆಯ ತೂತಿಗೆ ಚುಚ್ಚುವುದು. 'ಬೀಪ್' ಅನ್ನುತ್ತೆ, ಕೆಂಪು ದೀಪ ಮಿನುಗುತ್ತೆ, ಮುಗಿಯಿತು, ಓಡಿ.

ಇದರ ಒಳಗುಟ್ಟು ತಿಳಿದುಕೊಂಡರೆ ಮುಂದಿನ ಮಾತು ಸುಲಭ. ಸಾಮಾನ್ಯ ಡಿಬ್ಬರಿನ ಒಳಗೆ ಬ್ಯಾಟರಿ ಇಲ್ಲ. ಒಂದು ಚಿಪ್ಪು, ಒಂದು ಸಣ್ಣ ತಂತಿ ಸುರುಳಿ, ಅಷ್ಟೇ. ಬ್ಯಾಟರಿ ಮತ್ತು ಗಡಿಯಾರ ಇರುವುದು ಪೆಟ್ಟಿಗೆಯಲ್ಲಿ. ಕಡ್ಡಿ ತೂತಿಗೆ ಬಂದಾಗ ಪೆಟ್ಟಿಗೆಯ ಕಾಂತಕ್ಷೇತ್ರದಿಂದಲೇ ಚಿಪ್ಪಿಗೆ ಶಕ್ತಿ ಸಿಗುತ್ತೆ. ನಾವು ಬಸ್ಸಿನಲ್ಲಿ ಕಾರ್ಡ್ ಮುಟ್ಟಿಸುತ್ತೇವಲ್ಲ, ಅದೇ ತತ್ತ್ವ. ಆಗ ಪೆಟ್ಟಿಗೆ ಎರಡು ಸಂಗತಿಗಳನ್ನು ಚಿಪ್ಪಿನ ಮೇಲೆ ಬರೆಯುತ್ತದೆ: ತನ್ನ ನಂಬರ್, ಆ ಕ್ಷಣದ ಸಮಯ. ಓಟ ಮುಗಿದ ಮೇಲೆ ಟೆಂಟಿನಲ್ಲಿ ಡಿಬ್ಬರನ್ನು ಓದುವ ಪೆಟ್ಟಿಗೆಗೆ ಚುಚ್ಚಿದರೆ ಇಡೀ ದಿನದ ಕತೆ ಕಾಗದದ ಚೀಟಿಯಲ್ಲಿ ಬರುತ್ತೆ. ಯಾವ ಶಿಖರಕ್ಕೆ ಎಷ್ಟು ಗಂಟೆಗೆ ಬಂದ, ಯಾವ ಇಳಿಜಾರಿನಲ್ಲಿ ಎಷ್ಟು ಹೊತ್ತು ಹಿಡಿಯಿತು, ಎಲ್ಲ. ಗೆದ್ದವನಿಗೂ ಕೊನೆಯವನಿಗೂ ಒಂದೇ ಬಗೆಯ ಚೀಟಿ. ಚೀಟಿ ಹಿಡಿದು ಸೂಪ್ ಕುಡಿಯುತ್ತಾ ಅವರು ಮಾಡುವ ಚರ್ಚೆ ಕೇಳಬೇಕು ನೀವು!

ಓಟ ಶುರುವಾಗುವ ಮೊದಲು ಇನ್ನೂ ಎರಡು ಪೆಟ್ಟಿಗೆ ಇರುತ್ತವೆ. ಒಂದು 'ಕ್ಲಿಯರ್', ಹಳೆಯ ಓಟದ ಲೆಕ್ಕವನ್ನು ಅಳಿಸುತ್ತದೆ. ಇನ್ನೊಂದು 'ಚೆಕ್', ಅಳಿಸಿದೆಯೋ ಇಲ್ಲವೋ ನೋಡುತ್ತದೆ. ಹೊಸಬರಿಗೆ ಇದು ಸುಮ್ಮನೆ ಶಾಸ್ತ್ರದ ಹಾಗೆ ಕಾಣುತ್ತೆ. ಆದರೆ ನನ್ನ ಲೆಕ್ಕದಲ್ಲಿ ಇಡೀ ಗುಡ್ಡದ ಮೇಲೆ ಮುಖ್ಯವಾದ ಪೆಟ್ಟಿಗೆ ಈ 'ಚೆಕ್'. ಯಾಕೆ ಅಂದರೆ ತನಗೆ ಮುಟ್ಟಿದ ಪ್ರತಿ ಕಡ್ಡಿಯ ನಂಬರನ್ನೂ ಅದು ನೆನಪಿಟ್ಟುಕೊಳ್ಳುತ್ತೆ. ಹೆಸರು ಕೊಟ್ಟವರು 200 ಜನ ಇರಬಹುದು. ಮಳೆ ನೋಡಿ ಮನೆಯಲ್ಲೇ ಉಳಿದವರು 30. ಕಾರಿನವರೆಗೆ ಬಂದು ವಾಪಸ್ ಹೋದವರು ಇಬ್ಬರು. ಹಾಗಾದರೆ ನಿಜವಾಗಿ ಗುಡ್ಡ ಹತ್ತಿದವರು ಎಷ್ಟು? ಇದು ಗೊತ್ತಿಲ್ಲದೆ ಸಂಜೆ "ಎಲ್ಲರೂ ಬಂದರು" ಅಂತ ಹೇಳುವ ಹಕ್ಕು ಯಾರಿಗೂ ಇಲ್ಲ. ಹೆಸರು ಕೊಟ್ಟವರ ಪಟ್ಟಿ ಬೇರೆ, ಹೊರಟವರ ಪಟ್ಟಿ ಬೇರೆ. ಈ ಒಂದು ಮಾತನ್ನು ಗಂಟು ಕಟ್ಟಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ನನ್ನ ಅಪ್ಪ ಚಿಕ್ಕಮಗಳೂರಿನ ಕಡೆ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದರು. ಬೆಳಿಗ್ಗೆ ಹಾಜರಿ ಪುಸ್ತಕ ಹಿಡಿದು ಹೆಸರು ಕೂಗುವುದು ಕೂಲಿ ಲೆಕ್ಕಕ್ಕೆ. ಸಂಜೆ ಹಣ್ಣು ಅಳೆಯುವಾಗ ಮೇಸ್ತ್ರಿ ಇನ್ನೊಂದು ಸಲ ತಲೆ ಎಣಿಸುತ್ತಿದ್ದ. ಅದಕ್ಕೆ ಪುಸ್ತಕ ಇರಲಿಲ್ಲ, ಅದರಿಂದ ಯಾರಿಗೂ ಕಾಸೂ ಸಿಗುತ್ತಿರಲಿಲ್ಲ. ಆನೆ ಓಡಾಡುವ ಜಾಗ, ಯಾರೂ ಹಿಂದೆ ಉಳಿಯಬಾರದು ಅಂತ. ಗುಡ್ಡದ ಮೇಲೆ ಕೂತಾಗ ನನಗೆ ಆ ಎರಡನೇ ಎಣಿಕೆ ನೆನಪಾಗುತ್ತೆ.

ಸರಿ, ಪೆಟ್ಟಿಗೆ ಬಂತು, ಚಿಪ್ಪು ಬಂತು, ಇನ್ನು ಚಿಂತೆ ಇಲ್ಲ ಅಂದುಕೊಳ್ಳುತ್ತಾರೆ ಜನ. ಇಲ್ಲೇ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಲೆಕ್ಕ ಬರೆದಿರುವುದು ಎಲ್ಲಿ? ಓಟಗಾರನ ಕೈಯಲ್ಲಿರುವ ಕಡ್ಡಿಯಲ್ಲಿ. ಅವನು ಕೆಳಗೆ ಬಂದರೆ ಲೆಕ್ಕವೂ ಬರುತ್ತೆ. ಅವನು ಬರದಿದ್ದರೆ ಲೆಕ್ಕವೂ ಬರೋದಿಲ್ಲ! ಸುಖವಾಗಿ ಬಂದವರ ಬಗ್ಗೆ ಸೆಕೆಂಡು ಸೆಕೆಂಡಿನ ವಿವರ, ಬರದವನ ಬಗ್ಗೆ ಮೌನ. ಪೆಟ್ಟಿಗೆಯ ಒಳಗೂ ಒಂದು ನಕಲು ಇರುತ್ತೆ ನಿಜ. ಆದರೆ ಯಾರಾದರೂ ಗುಡ್ಡ ಹತ್ತಿ ಆ ಪೆಟ್ಟಿಗೆಯನ್ನು ಕೆಳಗೆ ತಂದು ಓದಿದರೆ ಮಾತ್ರ ಅದು ಗೊತ್ತಾಗುವುದು.

ಹಾಗಾಗಿ ಒಳ್ಳೆಯ ಸಂಘಟಕರು ಪೆಟ್ಟಿಗೆಯ ಜೊತೆ ಮನುಷ್ಯನನ್ನೂ ಕೂರಿಸುತ್ತಾರೆ, ಅವನ ಕೈಗೆ ರೇಡಿಯೋ ಕೊಡುತ್ತಾರೆ. ಇಲ್ಲಿ ರೇನೆಟ್ ಅಂತ ಹವ್ಯಾಸಿ ರೇಡಿಯೋದವರ ಒಂದು ಜಾಲ ಇದೆ. 1953ರಲ್ಲಿ ಪೂರ್ವ ಕರಾವಳಿಗೆ ಸಮುದ್ರ ನುಗ್ಗಿ ನೂರಾರು ಜನ ಸತ್ತಾಗ, ಟೆಲಿಫೋನ್ ತಂತಿಗಳು ಕಿತ್ತುಹೋದಾಗ, ಅದರ ಪಾಠದಿಂದ ಹುಟ್ಟಿದ್ದು. ಸಂಬಳವಿಲ್ಲ. ತಮ್ಮದೇ ಏರಿಯಲ್ಲು, ತಮ್ಮದೇ ಬ್ಯಾಟರಿ ಹೊತ್ತು ಶಿಖರದ ಮೇಲೆ ಕೂತು "ಮೊದಲನೆಯವನು ದಾಟಿದ, ಕೊನೆಯವರು ದಾಟಿದರು, ಒಟ್ಟು 168" ಅಂತ ಕೆಳಗೆ ಹೇಳುತ್ತಿರುತ್ತಾರೆ. ಕೆಳಗಿನವರು ತಾಳೆ ನೋಡುತ್ತಾರೆ. ಒಂದನೇ ಶಿಖರದಲ್ಲಿ 168, ಎರಡನೆಯದರಲ್ಲಿ 167. ಆಗಲೇ ಗೊತ್ತಾಯಿತು, ಈ ಎರಡರ ನಡುವೆ ಒಬ್ಬರಿದ್ದಾರೆ. ಸಂಜೆಯವರೆಗೆ ಕಾಯಬೇಕಾಗಿಲ್ಲ. ಕೆಲವು ಕಡೆ ಪೆಟ್ಟಿಗೆಗೇ ಮೊಬೈಲ್ ಮೋಡೆಮ್ ಜೋಡಿಸಿ ಲೆಕ್ಕವನ್ನು ಆಗಿಂದಾಗ್ಗೆ ಕಳಿಸುವುದೂ ಉಂಟು. ಆದರೆ ಈ ಕಣಿವೆಗಳಲ್ಲಿ ಸಿಗ್ನಲ್ ಹೇಗಿರುತ್ತೆ ಅಂತ ಹೋದವರಿಗೆ ಗೊತ್ತು.

ಲೆಕ್ಕ ಇದ್ದೂ ಸುದ್ದಿ ಸಿಗದಿದ್ದರೆ ಏನಾಗುತ್ತೆ ಅನ್ನೋದಕ್ಕೆ 2008ರ ಅಕ್ಟೋಬರ್ ಒಂದು ಉದಾಹರಣೆ. ಒರಿಜಿನಲ್ ಮೌಂಟನ್ ಮ್ಯಾರಥಾನ್ ಅಂತ ಎರಡು ದಿನದ ಓಟ. 1968ರಿಂದ ನಡೆದುಕೊಂಡು ಬಂದದ್ದು. ಇಬ್ಬಿಬ್ಬರ ಜೋಡಿ, ಬೆನ್ನ ಮೇಲೆ ಟೆಂಟು, ಊಟ, ಹಾಸಿಗೆ ಹೊತ್ತು ಓಡುತ್ತಾರೆ. ಆ ವರ್ಷ ಬೊರೊಡೇಲ್ ಕಣಿವೆಯಲ್ಲಿ ಸುಮಾರು ಎರಡೂವರೆ ಸಾವಿರ ಜನ ಹೊರಟರು. ಮಳೆ ಸುರಿಯಿತು, ಹಳ್ಳ ತುಂಬಿ ರಸ್ತೆ ಮುಳುಗಿತು, ಓಟ ಅರ್ಧಕ್ಕೇ ನಿಂತಿತು. ಅವತ್ತು ಸಂಜೆ ಟೀವಿಯಲ್ಲಿ ಸಾವಿರಕ್ಕೂ ಹೆಚ್ಚು ಜನ ಎಲ್ಲಿದ್ದಾರೋ ಗೊತ್ತಿಲ್ಲ ಅಂತ ಸುದ್ದಿ. ಮನೆಗಳಲ್ಲಿ ಗೋಳಾಟ. ನಿಜವಾಗಿ ಬಹಳ ಜನ ರೈತರ ಕೊಟ್ಟಿಗೆಯಲ್ಲಿ, ಹೊನಿಸ್ಟರ್ ಕಣಿವೆದಾರಿಯ ಕಲ್ಲುಗಣಿಯ ಕಟ್ಟಡದಲ್ಲಿ, ತಮ್ಮ ಟೆಂಟುಗಳಲ್ಲಿ ರಾತ್ರಿ ಕಳೆದರು. ಮಾರನೇ ದಿನ ಎಲ್ಲರ ಲೆಕ್ಕವೂ ಸಿಕ್ಕಿತು, ಯಾರೂ ಸಾಯಲಿಲ್ಲ. ಗುಡ್ಡದ ಮೇಲಿದ್ದವರಿಗೆ ತಾವು ಎಲ್ಲಿದ್ದೇವೆ ಅಂತ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಕೆಳಗಿದ್ದವರಿಗೆ.

ಎಲ್ಲ ಸಲವೂ ಹೀಗೆ ಸುಖಾಂತ್ಯ ಆಗೋದಿಲ್ಲ. 2012ರ ಏಪ್ರಿಲ್‌ನಲ್ಲಿ ಬಟರ್‌ಮಿಯರ್ ಬಳಿ ನಡೆದ ಒಂದು ಓಟದಲ್ಲಿ ಕೆಟ್ಟ ಹವೆಗೆ ಸಿಕ್ಕಿ ಅನುಭವಿ ಓಟಗಾರರೊಬ್ಬರು ತೀರಿಕೊಂಡರು. ಆಮೇಲೆ ವಿಚಾರಣೆ ನಡೆಯಿತು, ಸುರಕ್ಷತೆಯ ನಿಯಮಗಳನ್ನು ಮತ್ತೆ ಬರೆದರು. ಹೊರಟವರನ್ನು ಎಣಿಸಬೇಕು, ನಡುವೆ ಎಣಿಸಬೇಕು, ಬಂದವರನ್ನು ಎಣಿಸಬೇಕು, ಮೂರೂ ತಾಳೆಯಾಗಬೇಕು ಅನ್ನುವ ಮಾತಿಗೆ ಅಲ್ಲಿಂದ ಬೇರೆಯೇ ತೂಕ ಬಂತು. ಹಳಬರು ಈ ವಿಷಯ ಬಂದಾಗ ಇಂದಿಗೂ ದನಿ ತಗ್ಗಿಸುತ್ತಾರೆ.

ಈಗ ಜಿಪಿಎಸ್ ಟ್ರ್ಯಾಕರ್ ಬಂದಿದೆ. ಬೆನ್ನಚೀಲದ ಮೇಲೆ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು. ಉಪಗ್ರಹದಿಂದ ಜಾಗ ತಿಳಿದುಕೊಂಡು ಕೆಲವು ನಿಮಿಷಕ್ಕೊಮ್ಮೆ ಸುದ್ದಿ ಕಳಿಸುತ್ತೆ. ಪೆನ್ನೈನ್ ವೇ ಉದ್ದಕ್ಕೂ 268 ಮೈಲಿ ಚಳಿಗಾಲದಲ್ಲಿ ನಡೆಯುವ ಸ್ಪೈನ್ ರೇಸನ್ನು ಜನ ಮನೆಯಲ್ಲಿ ಕೂತು ನಕ್ಷೆಯ ಮೇಲೆ ಚುಕ್ಕಿ ಚಲಿಸುವುದನ್ನು ನೋಡುತ್ತಾ ಕಳೆಯುತ್ತಾರೆ. 2019ರಲ್ಲಿ ಜಾಸ್ಮಿನ್ ಪ್ಯಾರಿಸ್ ಎಂಬ ಹೆಣ್ಣುಮಗಳು ಗಂಡಸರನ್ನೂ ಸೇರಿಸಿ ಎಲ್ಲರಿಗಿಂತ ಮುಂದೆ 83 ಗಂಟೆ 12 ನಿಮಿಷದಲ್ಲಿ ಮುಗಿಸಿದರು. ಆಗ ಅವರಿಗೆ ಹಾಲು ಕುಡಿಯುವ ಮಗು. ನಡುವಿನ ತಂಗುದಾಣಗಳಲ್ಲಿ ಹಾಲು ಹಿಂಡಿ ತೆಗೆಯುತ್ತಾ ಓಡಿದವರು. ಅವರ ಚುಕ್ಕಿಯನ್ನು ಎಷ್ಟು ಸಾವಿರ ಜನ ಕಣ್ಣೆವೆ ಮುಚ್ಚದೆ ನೋಡಿದರೋ!

ಆದರೆ ಚುಕ್ಕಿ ಕಂಡರೆ ಸಾಕೇ? 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ 100 ಕಿ.ಮೀ. ಓಟ ನಡೆಯಿತು. 172 ಜನ ಹೊರಟರು. ಮಧ್ಯಾಹ್ನ ಎತ್ತರದ ಜಾಗದಲ್ಲಿ ಆಲಿಕಲ್ಲು, ಕೊರೆಯುವ ಮಳೆ, ಬಿರುಗಾಳಿ ಬಂತು. ಗಾಳಿ ತಡೆಯುವ ಅಂಗಿ ಕಡ್ಡಾಯ ಸಾಮಾನಿನ ಪಟ್ಟಿಯಲ್ಲಿ ಇರಲಿಲ್ಲ. 21 ಜನ ಸತ್ತರು. ಅವರ ಬಳಿ ಟ್ರ್ಯಾಕರ್ ಇತ್ತು. ಪ್ರಜ್ಞೆ ತಪ್ಪುವ ಮೊದಲು ಸಹಾಯದ ಗುಂಡಿ ಒತ್ತಿದ್ದೆ ಅಂತ ಬದುಕುಳಿದ ಒಬ್ಬರು ಆಮೇಲೆ ಹೇಳಿದರು. ಕೊನೆಗೆ ಆರು ಜನರನ್ನು ಉಳಿಸಿದ್ದು ಯಾರು ಗೊತ್ತಾ? ಕುರಿ ಕಾಯುತ್ತಿದ್ದ ಒಬ್ಬ ಹಳ್ಳಿಯವ. ತಾನು ಮಳೆಗೆ ಆಸರೆ ಪಡೆಯುತ್ತಿದ್ದ ಗುಹೆಗೆ ಅವರನ್ನು ಕರೆತಂದು, ಬೆಂಕಿ ಹಾಕಿ ಕಾಯಿಸಿದ. ಗುಂಡಿ ಒತ್ತಿದರೆ ಆ ಕಡೆ ಓಡಿ ಬರುವ ಮನುಷ್ಯ ಇರಬೇಕು. ಅವನು ಬರಲು ದಾರಿ ಇರಬೇಕು.

ಇದಕ್ಕೆ ಎದುರಾಗಿ ಒಂದು ತಮಾಷೆಯ ಸಂಗತಿ ಹೇಳ್ತೀನಿ. ಅಮೆರಿಕದ ಟೆನ್ನೆಸಿಯ ಬಾರ್ಕ್ಲಿ ಮ್ಯಾರಥಾನ್ ಜಗತ್ತಿನ ಅತಿ ಕಠಿಣ ಓಟಗಳಲ್ಲಿ ಒಂದು. ಅಲ್ಲಿ ಚಿಪ್ಪೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಕಾಡಿನಲ್ಲಿ ಅಲ್ಲಲ್ಲಿ ಹಳೆಯ ಪುಸ್ತಕಗಳನ್ನು ಬಚ್ಚಿಟ್ಟಿರುತ್ತಾರೆ. ನಿಮ್ಮ ಎದೆಯ ನಂಬರ್ ಯಾವುದೋ ಆ ಪುಟವನ್ನು ಹರಿದು ತರಬೇಕು. ಎಲ್ಲ ಪುಟ ಇದ್ದರೆ ಸುತ್ತು ಸರಿ. ಬ್ಯಾಟರಿ ಮುಗಿಯೋದಿಲ್ಲ, ಸಿಗ್ನಲ್ ಬೇಕಿಲ್ಲ. 2024ರಲ್ಲಿ ಇದೇ ಜಾಸ್ಮಿನ್ ಪ್ಯಾರಿಸ್ 60 ಗಂಟೆಯ ಗಡುವಿಗೆ 99 ಸೆಕೆಂಡು ಉಳಿದಿರುವಾಗ ಮುಗಿಸಿ, ಅದನ್ನು ಪೂರೈಸಿದ ಮೊದಲ ಮಹಿಳೆಯಾದರು. ದಾರಿ ಪೂರ್ತಿ ಮಾಡಿದ್ದಾರೆ ಅಂತ ಸಾಬೀತು ಮಾಡೋಕೆ ಪುಸ್ತಕದ ಹಾಳೆ ಸಾಕು. ಆದರೆ ಬಿದ್ದವರು ಎಲ್ಲಿದ್ದಾರೆ ಅಂತ ಹಾಳೆ ಹೇಳೋದಿಲ್ಲ. ಈ ಎರಡು ಕೆಲಸಗಳನ್ನು ನಾವು ಬೆರೆಸಿಕೊಳ್ಳಬಾರದು.

ನಮ್ಮ ಟೆಂಟಿನಲ್ಲೇ ಹಳೆಯ ಓಟಗಾರರು ಈ ಯಂತ್ರಗಳನ್ನು ಕಂಡರೆ ಮೂಗು ಮುರಿಯುತ್ತಾರೆ. ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಸ್ಥಳೀಯ ಓಟಕ್ಕೆ ಪ್ರವೇಶ ಶುಲ್ಕ ಕೆಲವೇ ಪೌಂಡು. ಪೆಟ್ಟಿಗೆ ಬಾಡಿಗೆಗೆ ತಂದರೆ ಆ ಖರ್ಚು ಓಡುವವರ ತಲೆಗೇ ಬರುತ್ತೆ. ಎರಡನೆಯದು, ಕೈಯಲ್ಲಿ ಯಂತ್ರ ಇದೆ ಅನ್ನುವ ಧೈರ್ಯದಲ್ಲಿ ಜನ ನಕ್ಷೆ ಓದುವುದನ್ನು ಮರೆಯುತ್ತಾರೆ, ಅಂಗಿ ಚೀಲದಲ್ಲಿ ಇಡುವುದಿಲ್ಲ. ಈಗಲೂ ದೊಡ್ಡ ಓಟಕ್ಕೆ ಮೊದಲು ಚೀಲ ಬಿಚ್ಚಿಸಿ ನೋಡುತ್ತೇವೆ: ಮೈ ಪೂರ್ತಿ ಮುಚ್ಚುವ ಮಳೆ ಉಡುಪು, ಟೋಪಿ, ಕೈಗವಸು, ನಕ್ಷೆ, ದಿಕ್ಸೂಚಿ, ಸೀಟಿ, ತುರ್ತಿಗೆ ತಿನ್ನಲು ಏನಾದರೂ. ಇದಿಲ್ಲದವರಿಗೆ ಡಿಬ್ಬರ್ ಕೊಟ್ಟು ಏನು ಪ್ರಯೋಜನ?

ಮೂರನೆಯದು ನನಗೆ ಬಹಳ ಮುಖ್ಯ ಅನ್ನಿಸಿದ್ದು. ಓಟ ಅರ್ಧಕ್ಕೆ ಬಿಟ್ಟವರು ತಪ್ಪದೆ ಟೆಂಟಿಗೆ ಬಂದು ಹೇಳಬೇಕು ಅನ್ನೋದು ಈ ಆಟದ ಮೊದಲ ನಿಯಮ. ಒಂದು ಸಲ ಹೀಗಾಯಿತು. ಕತ್ತಲಾಗ್ತಿದೆ, ನಮ್ಮ ಪರದೆಯ ಮೇಲೆ ಒಂದು ನಂಬರ್ ಕೆಂಪಗೆ ಉಳಿದಿದೆ. ಎರಡನೇ ಶಿಖರ ದಾಟಿದ್ದಾನೆ, ಮೂರನೆಯದರಲ್ಲಿ ಇಲ್ಲ. ಇಬ್ಬರು ವಾಪಸ್ ಗುಡ್ಡ ಹತ್ತಲು ಬೂಟು ಕಟ್ಟಿದರು. ಮೌಂಟನ್ ರೆಸ್ಕ್ಯೂಗೆ ಫೋನ್ ಮಾಡಲು ಇನ್ನೇನು ಕೈ ಹಾಕಿದ್ದೆವು. ಅಷ್ಟರಲ್ಲಿ ಅವನ ಮನೆಯ ನಂಬರಿಗೆ ಫೋನ್ ಸಿಕ್ಕಿತು. ಸ್ವಾಮಿ ಅವರು ಕಾಲು ಉಳುಕಿತು ಅಂತ ಇನ್ನೊಂದು ಕಡೆಯಿಂದ ಇಳಿದು, ಸ್ನೇಹಿತನ ಕಾರಲ್ಲಿ ಮನೆಗೆ ಹೋಗಿ, ಸ್ನಾನ ಮಾಡಿ ಟೀ ಕುಡೀತಾ ಕೂತಿದ್ದರು! ಡಿಬ್ಬರ್ ಇನ್ನೂ ಕೈಯಲ್ಲೇ ಇತ್ತು. ಯಂತ್ರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು, ಒಬ್ಬ ಬಂದಿಲ್ಲ ಅಂತ ಹೇಳಿತು. ಮುಂದಿನದು ಮನುಷ್ಯರು ಮಾಡಬೇಕಾದ ಕೆಲಸ.

ಇನ್ನು ನಮ್ಮ ವಿಷಯ. ಪಕ್ಕದವರನ್ನು ಎಬ್ಬಿಸಬಹುದು.

ಇಲ್ಲಿ ಕೂತ ಬಹಳ ಜನ ದಿನಾ 'ಬೀಪ್' ಕೇಳುವವರೇ. ಕೇರ್ ಹೋಮಿನಲ್ಲಿ, ಗೋದಾಮಿನಲ್ಲಿ, ಅಡುಗೆಮನೆಯಲ್ಲಿ ಬೆರಳೋ ಕಾರ್ಡೋ ಒತ್ತಿ ಒಳಗೆ ಹೋಗ್ತೀರಿ. ನಾನು ಹಿಂದೆ ಇದ್ದ ಒಂದು ಗೋದಾಮಿನಲ್ಲಿ ಮೂರು ನಿಮಿಷ ತಡವಾದರೆ ಹದಿನೈದು ನಿಮಿಷದ ಸಂಬಳ ಕಟ್. ಆ ಯಂತ್ರ ಅಷ್ಟು ಚುರುಕು. ಅಲ್ಲೇ ಒಬ್ಬ ಹುಡುಗ ಎರಡು ದಿನ ಕೆಲಸಕ್ಕೆ ಬರಲಿಲ್ಲ. ಯಂತ್ರ ಗೈರುಹಾಜರಿ ಹಾಕಿತು, ಆಫೀಸಿನಿಂದ ಎಚ್ಚರಿಕೆಯ ಪತ್ರ ಹೊರಟಿತು. ಅವನು ಬಾಡಿಗೆ ಕೋಣೆಯಲ್ಲಿ ಜ್ವರದಲ್ಲಿ ಎದ್ದು ನೀರು ಕುಡಿಯಲಾಗದೆ ಮಲಗಿದ್ದ. ಬಾಗಿಲು ತಟ್ಟಿದ್ದು ಯಂತ್ರ ಅಲ್ಲ, ಆಫೀಸೂ ಅಲ್ಲ, ಕೆಳಗಿನ ಮನೆಯ ಪೋಲೆಂಡಿನ ಹೆಂಗಸು. ಆಗಿನಿಂದ ನಾನು ಗಮನಿಸ್ತಾ ಇದ್ದೀನಿ, ಗುಡ್ಡದ ಮೇಲಿನ ಪೆಟ್ಟಿಗೆಗೂ ಗೋದಾಮಿನ ಪೆಟ್ಟಿಗೆಗೂ ತಂತ್ರಜ್ಞಾನ ಹೆಚ್ಚುಕಡಿಮೆ ಒಂದೇ. ಒಂದರಲ್ಲಿ ನೀವು ಬರದಿದ್ದರೆ ಹುಡುಕಲು ಹೊರಡುತ್ತಾರೆ, ಇನ್ನೊಂದರಲ್ಲಿ ಸಂಬಳ ಹಿಡಿಯುತ್ತಾರೆ.

ಹೋದ ಬೇಸಿಗೆಯ ನಮ್ಮ ಬಳಗದ ಚಾರಣ ನಿಮಗೆ ನೆನಪಿದೆ. ಸ್ಕಾಫೆಲ್ ಪೈಕ್‌ಗೆ ವಾಸ್‌ಡೇಲ್ ಕಡೆಯಿಂದ ಮೂವತ್ತೆಂಟು ಜನ ಹೆಸರು ಕೊಟ್ಟಿದ್ದರು. ನನಗೆ ಅವತ್ತು ಡ್ಯೂಟಿ, ಆಮೇಲೆ ಕೇಳಿ ತಿಳಿದದ್ದು. ಮೇಲೆ ಮೋಡ ಕವಿದಾಗ ಇಬ್ಬರು ಹುಡುಗರು ಬೇರೆ ಗುಂಪಿನ ಹಿಂದೆ ಇಳಿದು ಬೊರೊಡೇಲ್ ಕಡೆ ಹೋಗಿಬಿಟ್ಟರು. ಅದೇ ಗುಡ್ಡದ ಇನ್ನೊಂದು ಮಗ್ಗುಲು, ಆದರೆ ರಸ್ತೆಯಲ್ಲಿ ಸುತ್ತಿ ಬರಲು ಒಂದೂವರೆ ಗಂಟೆ. ವಾಸ್‌ಡೇಲ್‌ನಲ್ಲಿ ಬಸ್ಸು ಕಾಯುತ್ತಿದೆ. ಕೆಲವರು ಎಲ್ಲರೂ ಬಂದಾಯಿತು ಅಂದರು, ಇನ್ನು ಕೆಲವರು ಇಲ್ಲ ಅಂದರು. ಕೊನೇ ಗಳಿಗೆಯಲ್ಲಿ ಬರದವರು ಎಷ್ಟು ಜನ ಅಂತ ಯಾರ ಹತ್ತಿರವೂ ಲೆಕ್ಕ ಇಲ್ಲ. ಹೆಸರು ಕೊಟ್ಟವರ ಪಟ್ಟಿ ಬೇರೆ, ಹೊರಟವರ ಪಟ್ಟಿ ಬೇರೆ ಅಂದೆನಲ್ಲ, ಇದೇ ಅದು. ಹುಡುಗರು ಫೋನ್ ಸಿಗ್ನಲ್ ಸಿಕ್ಕಿ ಕರೆ ಮಾಡಿದರು, ದೇವರು ದೊಡ್ಡವನು. ಮುಂದಿನ ಸಲವೂ ಸಿಗ್ನಲ್ ಸಿಗುತ್ತೆ ಅಂತ ಹೇಳೋಕಾಗಲ್ಲ.

ಇದಕ್ಕೆ ನಮಗೆ ಜರ್ಮನ್ ಪೆಟ್ಟಿಗೆ ಬೇಕಾಗಿಲ್ಲ. ನಾನು ಸಮಿತಿಯ ಮುಂದೆ ಇಡುವುದು ಇಷ್ಟು. ಒಂದು, ನಂಬರ್ ಬರೆದ ಐವತ್ತು ಮರದ ಬಿಲ್ಲೆ ಮಾಡಿಸೋಣ. ಗುಡ್ಡ ಹತ್ತುವ ಕ್ಷಣದಲ್ಲಿ, ಕಾಲುದಾರಿಯ ಗೇಟಿನ ಹತ್ತಿರ, ಪ್ರತಿಯೊಬ್ಬರಿಗೂ ಒಂದೊಂದು ಕೈಗೆ ಕೊಟ್ಟು ಹೆಸರು ಬರೆದುಕೊಳ್ಳುವುದು. ಇಳಿದ ಮೇಲೆ ವಾಪಸ್ ಹಲಗೆಗೆ ನೇತುಹಾಕುವುದು. ಖಾಲಿ ಮೊಳೆ ಉಳಿದರೆ ಬಸ್ಸು ಹೊರಡುವುದಿಲ್ಲ. ಎರಡು, ಮುಂದೆ ಒಬ್ಬರು, ಕೊನೆಯಲ್ಲಿ ಒಬ್ಬರು, ಕೊನೆಯವರನ್ನು ಯಾರೂ ಹಿಂದೆ ಬಿಡುವಂತಿಲ್ಲ. ಶಿಖರದಲ್ಲಿ ಒಂದು ಸಲ ತಲೆ ಎಣಿಕೆ. ಮೂರು, ಅರ್ಧಕ್ಕೆ ವಾಪಸ್ ಹೋಗುವವರು ಹೇಳಿಯೇ ಹೋಗಬೇಕು. ಇದರಲ್ಲಿ ನಾಚಿಕೆ ಏನೂ ಇಲ್ಲ. ಚೆನ್ನಾಗಿ ಓಡುವವರೂ ಎಷ್ಟೋ ಸಲ ವಾಪಸ್ ಬರುತ್ತಾರೆ.

ಇನ್ನು ಎಲ್ಲರೂ ನೆನಪಿಡಬೇಕಾದ್ದು. ಗುಡ್ಡದ ಮೇಲೆ ಕಷ್ಟಕ್ಕೆ ಸಿಕ್ಕರೆ ಒಂದು ನಿಮಿಷದಲ್ಲಿ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಉತ್ತರವಾಗಿ ಮೂರು ಸಲ ಕೇಳಿಸಿದರೂ ನಿಲ್ಲಿಸಬೇಡಿ, ಆ ದನಿ ಹಿಡಿದೇ ಅವರು ನಿಮ್ಮ ಹತ್ತಿರ ಬರಬೇಕು. ಫೋನ್ ಇದ್ದರೆ 999. ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಅನ್ನಿ. ಮಾತಾಡುವಷ್ಟು ಸಿಗ್ನಲ್ ಇಲ್ಲದಾಗ ಮೆಸೇಜ್ ಹೋಗಬಹುದು, ಆದರೆ ಅದಕ್ಕೆ ಮೊದಲೇ ನೋಂದಾಯಿಸಿರಬೇಕು. ಈಗಲೇ ಫೋನ್ ತೆಗೆದು 'ರಿಜಿಸ್ಟರ್' ಅನ್ನುವ ಇಂಗ್ಲಿಷ್ ಪದ ಬರೆದು 999ಕ್ಕೆ ಕಳಿಸಿ, ಬರುವ ಉತ್ತರದಲ್ಲಿ ಹೇಳಿದ ಹಾಗೆ ಮಾಡಿ. ಎರಡು ನಿಮಿಷದ ಕೆಲಸ.

ನಮ್ಮವರಲ್ಲಿ ಕೆಲವರು ಬಿಲ್ ಬರುತ್ತೆ, ವೀಸಾಕ್ಕೆ ತೊಂದರೆ ಆಗುತ್ತೆ ಅಂತ ಹೆದರಿ ಕರೆಯೋದಿಲ್ಲ. ದಯವಿಟ್ಟು ಕೇಳಿ: ಇಲ್ಲಿನ ಮೌಂಟನ್ ರೆಸ್ಕ್ಯೂದವರು ಸ್ವಯಂಸೇವಕರು. ಪ್ಲಂಬರು, ಮೇಷ್ಟ್ರು, ರೈತರು. ನಿಮ್ಮನ್ನು ಕೆಳಗೆ ತರೋಕೆ ಒಂದು ಪೆನ್ನಿಯನ್ನೂ ಕೇಳೋದಿಲ್ಲ. ಪೇಪರ್ ನೋಡಿ ಆಮೇಲೆ ಸ್ಟ್ರೆಚರ್ ಎತ್ತುವ ಜನ ಅವರಲ್ಲ.

ಕೊನೆಯ ಮಾತು ಗುಡ್ಡ ಹತ್ತದವರಿಗೆ. ನಮ್ಮಲ್ಲಿ ಒಂಟಿ ಕೋಣೆಯಲ್ಲಿ ಇರುವವರು ಬಹಳ ಜನ. ಸಂಸಾರ ಊರಲ್ಲಿ, ಇಲ್ಲಿ ಡ್ಯೂಟಿ, ನಿದ್ದೆ, ಮತ್ತೆ ಡ್ಯೂಟಿ. ಊರಿನ ಫೋನಿಗೆ ಎರಡು ದಿನ ಉತ್ತರ ಕೊಡದಿದ್ದರೆ "ನೈಟ್ ಇರಬೇಕು" ಅಂದುಕೊಳ್ಳುತ್ತಾರೆ. ನಾನು ಕೇಳುವುದು ಇಷ್ಟೇ, ಐದೈದು ಜನರ ಗುಂಪು ಮಾಡೋಣ. ಹತ್ತಿರ ಹತ್ತಿರ ಇರುವವರು. ದಿನಕ್ಕೊಂದು ಸಲ, ಮಲಗುವ ಮೊದಲು, 'ಬಂದೆ' ಅಂತ ಒಂದೇ ಪದ. ಉಭಯಕುಶಲೋಪರಿ ಬೇಡ, ಚಿತ್ರ ಬೇಡ, ಸುಪ್ರಭಾತದ ಹೂವಂತೂ ಬೇಡವೇ ಬೇಡ. ಬರದಿದ್ದವರಿಗೆ ಮಾರನೇ ದಿನ ಫೋನ್, ಫೋನಿಗೂ ಸಿಗದಿದ್ದರೆ ಒಬ್ಬರು ಹೋಗಿ ಬಾಗಿಲು ತಟ್ಟುವುದು. ಅದಕ್ಕೆ ಐದು ಜನರ ವಿಳಾಸ, ಮನೆ ಮಾಲೀಕರ ನಂಬರ್, ಊರಿನ ಒಂದು ನಂಬರ್ ಗುಂಪಿನ ಒಬ್ಬರ ಹತ್ತಿರ ಇರಲಿ.

ಹಿಂದಿನ ಮೇಜಿನ ಮೇಲೆ, ಕಾಫಿ ಫ್ಲಾಸ್ಕಿನ ಪಕ್ಕ, ಒಂದು ಹಾಳೆ ಇಟ್ಟಿದ್ದೇನೆ, ಪೆನ್ಸಿಲ್ಲೂ ಇದೆ. ಗುಂಪಿಗೆ ಸೇರುವವರು ಹೆಸರು, ಪೋಸ್ಟ್‌ಕೋಡು ಬರೆಯಿರಿ. ವಸಂತದಲ್ಲಿ ನಮ್ಮ ಊರಿನ ಪಕ್ಕದ ಓಟಕ್ಕೆ ಪೆಟ್ಟಿಗೆ ಕಾಯಲು ಇಬ್ಬರು ಬೇಕು, ಅದಕ್ಕೂ ಅಲ್ಲೇ ಹೆಸರು ಕೊಡಬಹುದು. ಸೂಪು, ಕೇಕು ಸಿಗುತ್ತೆ, ಚಳಿಯೂ ಸಿಗುತ್ತೆ.